ಆ ಹಳೆ ಮ್ಯಾಕ್‌ಬುಕ್ ಕೊಟ್ಟುಬಿಡಬೇಡ

ಪ್ರೀತಿಯ ಗೆಳತಿ,

ನಿನ್ನ ಪತ್ರ ಓದಿ ಮುಗಿಸಿದವಳು ಹಾಗೇ ಬರೆಯಲು ಕೂತಿದ್ದೇನೆ. ಅಪ್ಪ ಬರೆದ ಊರಿನ ಚರಿತ್ರೆ ಪೇಜ್‌ಮೇಕರ್ ಫೈಲಿನಲ್ಲಿ, ನುಡಿ ಫಾಂಟಿನಲ್ಲಿ ಇದೆ, ಮ್ಯಾಕ್‌ನಲ್ಲಿ ತೆರೆಯುತ್ತಿಲ್ಲ ಅಂದೆ. ಅದು ಅರ್ಥವಾಯಿತು. ಆದರೆ 2012ರ ಮ್ಯಾಕ್‌ಬುಕ್ ಪ್ರೋವನ್ನು ಎಕ್ಸ್‌ಚೇಂಜ್‌ಗೆ ಹಾಕಿ ಎಂ ಸರಣಿಯ ಹೊಸದನ್ನು ತಂದು, ಅದರಲ್ಲಿ ವಿಂಡೋಸ್ ಹಾಕಿಕೊಳ್ಳುತ್ತೇನೆ ಅಂತ ಕೊನೆಗೆ ಬರೆದಿದ್ದೀಯಲ್ಲ, ಅಷ್ಟು ಮಾತ್ರ ಬೇಡ. ಹೊಸದು ಬೇಕಿದ್ದರೆ ಧಾರಾಳವಾಗಿ ತಗೋ. ಹಳೆಯದನ್ನು ಇಟ್ಟುಕೋ. ಈ ಒಂದು ಕೆಲಸದಲ್ಲಿ ಹೊಸದಕ್ಕಿಂತ ಅದೇ ಮೇಲು.

ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ತೊಂಬತ್ತರ ದಶಕದ ಕೊನೆಯ ಹೊತ್ತಿನ ಮ್ಯಾಕ್‌ಗಳಲ್ಲಿದ್ದದ್ದು ಪವರ್‌ಪಿಸಿ ಪ್ರೊಸೆಸರ್. ನಾವೆಲ್ಲ ಬಳಸುತ್ತಿದ್ದ ವಿಂಡೋಸ್ ಬರೆದದ್ದು ಇಂಟೆಲ್ ಜಾತಿಯ ಪ್ರೊಸೆಸರ್‌ಗೆ. ಒಂದರ ಆಜ್ಞೆ ಇನ್ನೊಂದಕ್ಕೆ ತಿಳಿಯದು. 1997ರಲ್ಲಿ ಕನೆಕ್ಟಿಕ್ಸ್ ಎಂಬ ಕಂಪನಿ ವರ್ಚುಯಲ್ ಪಿಸಿ ಎಂಬ ತಂತ್ರಾಂಶ ತಂದಿತು. ಅದು ಮ್ಯಾಕ್‌ನ ಒಳಗೇ ಒಂದು ಇಡೀ ಪಿಸಿಯನ್ನು ಅನುಕರಿಸುತ್ತಿತ್ತು: ಪೆಂಟಿಯಂ ಪ್ರೊಸೆಸರ್, ಎಸ್3 ಗ್ರಾಫಿಕ್ಸ್ ಕಾರ್ಡು, ಸೌಂಡ್ ಬ್ಲಾಸ್ಟರ್, ಎಲ್ಲವೂ ಬರೀ ತಂತ್ರಾಂಶದಲ್ಲಿ. ವಿಂಡೋಸ್‌ಗೆ ತಾನಿರುವುದು ಮ್ಯಾಕ್‌ನೊಳಗೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಎಮ್ಯುಲೇಶನ್ ಅಂದರೆ ಇದು. ಪ್ರತಿಯೊಂದು ಆಜ್ಞೆಯ ನಡುವೆಯೂ ಒಬ್ಬ ದುಭಾಷಿ ನಿಂತ ಹಾಗೆ; ಮಾತು ಮುಟ್ಟುತ್ತದೆ, ಆದರೆ ನಿಧಾನಕ್ಕೆ.

ಆ ದುಭಾಷಿಯ ಕಷ್ಟ ಎಂಥದ್ದು ನೋಡು. 1997 ಎಂಬ ಅಂಕಿಯನ್ನು 19 ಮತ್ತು 97 ಎಂದು ಎರಡು ತುಂಡು ಮಾಡಿ ಮೆಮೊರಿಯಲ್ಲಿ ಇಡಬೇಕು ಅಂತಿಟ್ಟುಕೋ. ಪವರ್‌ಪಿಸಿ ಮೊದಲು 19 ಇಡುತ್ತದೆ, ಆಮೇಲೆ 97. ಇಂಟೆಲ್ ಮೊದಲು 97 ಇಟ್ಟು ಆಮೇಲೆ 19 ಇಡುತ್ತದೆ. ಅಂದಮೇಲೆ ಮೆಮೊರಿಗೆ ಹೋಗಿಬರುವ ಒಂದೊಂದು ಅಂಕಿಯನ್ನೂ ತಿರುಗಿಸುತ್ತಲೇ ಇರಬೇಕು. ಪವರ್‌ಪಿಸಿಯ ಜಿ3, ಜಿ4 ಚಿಪ್‌ಗಳಲ್ಲಿ ಈ ತಿರುಗುಮುರುಗಿಗೆ ನೆರವಾಗುವ ಒಂದು ಏರ್ಪಾಡಿತ್ತು, ವರ್ಚುಯಲ್ ಪಿಸಿ ಅದನ್ನೇ ನೆಚ್ಚಿಕೊಂಡಿತ್ತು. 2003ರಲ್ಲಿ ಬಂದ ಜಿ5ನಲ್ಲಿ ಅದು ಇರಲಿಲ್ಲ. ಹಾಗಾಗಿ ಆಪಲ್‌ನ ಅತಿ ವೇಗದ ಯಂತ್ರದಲ್ಲೇ ವರ್ಚುಯಲ್ ಪಿಸಿ ಓಡದೆ ನಿಂತಿತು! ಅಷ್ಟರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡಿತ್ತು. ಜಿ5ಗೆ ಒಗ್ಗುವ ಏಳನೇ ಆವೃತ್ತಿ 2004ರಲ್ಲಿ ಬಂತು. ಇಷ್ಟು ಕಷ್ಟದ ಕೆಲಸವನ್ನು ಮಾಡಿ ತೋರಿಸಿದ ಆ ಎಂಜಿನಿಯರುಗಳ ಬಗ್ಗೆ ನನಗೆ ಇವತ್ತಿಗೂ ತುಂಬು ಗೌರವವಿದೆ.

2006ರಲ್ಲಿ ಆಪಲ್ ತಾನೇ ಇಂಟೆಲ್ ಕಡೆಗೆ ಬಂತು. ದುಭಾಷಿಗೆ ಕೆಲಸವೇ ಉಳಿಯಲಿಲ್ಲ. ಪ್ಯಾರಲಲ್ಸ್, ವಿಎಂವೇರ್ ಫ್ಯೂಷನ್, ವರ್ಚುಯಲ್‌ಬಾಕ್ಸ್ ಒಂದರ ಹಿಂದೊಂದು ಬಂದವು. ಜನ ಇವನ್ನೂ ಎಮ್ಯುಲೇಟರ್ ಅಂತಲೇ ಕರೆಯುತ್ತಾರೆ, ಆದರೆ ಇಲ್ಲಿ ವಿಂಡೋಸ್‌ನ ಬಹುಪಾಲು ಆಜ್ಞೆಗಳು ನೇರವಾಗಿ ಪ್ರೊಸೆಸರ್ ಮೇಲೇ ಓಡುತ್ತವೆ. ತಂತ್ರಾಂಶ ಎಲ್ಲೆ ಕಾಯುತ್ತದೆ, ಅಷ್ಟೆ. ನಿನ್ನ 2012ರ ಲ್ಯಾಪ್‌ಟಾಪ್ ಈ ಕಾಲದ್ದು. 2020ರ ನವೆಂಬರ್‌ನಿಂದ ಬಂದ ಎಂ ಚಿಪ್‌ಗಳು ಮತ್ತೆ ಬೇರೆ ಜಾತಿ, ಆರ್ಮ್. ಅವುಗಳಲ್ಲಿ ಆರ್ಮ್‌ಗೆಂದೇ ಮಾಡಿದ ವಿಂಡೋಸ್ 11 ಚೆನ್ನಾಗಿಯೇ ಓಡುತ್ತದೆ. ಆದರೆ 2001ರ ಪೇಜ್‌ಮೇಕರ್ 7ಕ್ಕೆ ಅದರ ಕಾಲದ್ದೇ ಆದ ವಿಂಡೋಸ್ ಎಕ್ಸ್‌ಪಿ ಕೊಡುವುದು ಕ್ಷೇಮ. ಎಂ ಚಿಪ್‌ನಲ್ಲಿ ಎಕ್ಸ್‌ಪಿ ಬೇಕೆಂದರೆ ಯುಟಿಎಂನಂಥ ತಂತ್ರಾಂಶದಲ್ಲಿ ಒಂದೊಂದು ಆಜ್ಞೆಯನ್ನೂ ಅನುವಾದಿಸಿಯೇ ಓಡಿಸಬೇಕು. ತಿರುಗಿ 1997ರ ದಾರಿ. ಇನ್ನೊಂದು, ನಿನ್ನದರಲ್ಲಿ ಡಿವಿಡಿ ಡ್ರೈವ್ ಇದೆ. ಅಪ್ಪನ ಕಪಾಟಿನಲ್ಲಿರುವ ಅಸಲಿ ಎಕ್ಸ್‌ಪಿ ಡಿಸ್ಕನ್ನು ನೇರವಾಗಿ ಅದಕ್ಕೇ ತೂರಿಸಬಹುದು. ಕವರಿನ ಮೇಲಿನ ಕೀ ಜೋಪಾನವಾಗಿಡು.

ಮೊದಲು ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸು; 4 ಜಿಬಿ ರ‍್ಯಾಮ್ ಇದ್ದರೆ 8 ಮಾಡಿಸು. ಆ ಮಾದರಿಯಲ್ಲಿ ಇವೆರಡನ್ನೂ ಬದಲಿಸಬಹುದು, ಹೊಸ ಮ್ಯಾಕ್‌ಬುಕ್‌ಗಳಲ್ಲಿ ಆ ಭಾಗ್ಯವಿಲ್ಲ. ನಿನ್ನದು ಹತ್ತುವ ಮ್ಯಾಕ್‌ಓಎಸ್‌ನ ಕೊನೆಯ ಮೆಟ್ಟಿಲು ಕ್ಯಾಟಲೀನಾ, ಅದಕ್ಕೆ ವರ್ಚುಯಲ್‌ಬಾಕ್ಸ್ 6.1 ಹೊಂದುತ್ತದೆ, ದುಡ್ಡೂ ಇಲ್ಲ. ಹಾಕುವಾಗ ಇನ್‌ಸ್ಟಾಲೇಶನ್ ವಿಫಲ ಅಂತ ಬಂದರೆ ಹೆದರಬೇಡ. ಸಿಸ್ಟಂ ಪ್ರಿಫರೆನ್ಸಸ್‌ನಲ್ಲಿ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ವರ್ಚುಯಲ್‌ಬಾಕ್ಸ್ ಮಾಡುವ ಒರಾಕಲ್ ಕಂಪನಿಯ ಹೆಸರಿನ ಎದುರಿಗಿರುವ ಅಲೌ ಗುಂಡಿ ಒತ್ತು. ಆ ಗುಂಡಿ ಅರ್ಧ ಗಂಟೆ ಮಾತ್ರ ಅಲ್ಲಿರುತ್ತದೆ, ಆದ್ದರಿಂದ ತಡಮಾಡದೆ ಹೋಗು. ಎಕ್ಸ್‌ಪಿಗೆ 1 ಜಿಬಿ ರ‍್ಯಾಮ್, 20 ಜಿಬಿ ಜಾಗ ಕೊಟ್ಟರೆ ಧಾರಾಳವಾಯಿತು. ಇಂಟರ್‌ನೆಟ್ ಮಾತ್ರ ಕೊಡಲೇಬೇಡ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ರಕ್ಷಣೆ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಕೆಲಸ ಶುರುಮಾಡುವ ಮೊದಲೇ ನೆಟ್‌ವರ್ಕ್ ಆಫ್ ಮಾಡಿಬಿಡು. ಫೈಲುಗಳ ಕೊಡುಕೊಳ್ಳುವಿಕೆಗೆ ಷೇರ್ಡ್ ಫೋಲ್ಡರ್ ಸಾಕು.

ಇನ್ನು ನುಡಿ ಫಾಂಟಿನ ವಿಚಾರ. ಪುಸ್ತಕ ತೆರೆದು ಪುಟಗಳು ಸರಿಯಾಗಿ ಕಂಡರೂ ಅರ್ಧ ಕೆಲಸವಷ್ಟೇ ಆದಂತೆ, ಯಾಕೆಂದರೆ ಆ ಪಠ್ಯ ಯೂನಿಕೋಡ್ ಅಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಆಗ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ಇಟ್ಟಿತ್ತು. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ನುಡಿಯಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್ ಮಾಡಿಕೋ, ಆದರೆ ಅರ್ಕಾವತ್ತುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡು. ‘ಧರ್ಮ’ ಬರೆಯುವಾಗ ನುಡಿ, ಕಣ್ಣಿಗೆ ಕಾಣುವ ಹಾಗೆ, ಮೊದಲು ಮ ಇಟ್ಟು ಆಮೇಲೆ ಅರ್ಕಾವತ್ತು ಇಡುತ್ತದೆ. ಯೂನಿಕೋಡ್ ಬಾಯಲ್ಲಿ ಹೇಳುವ ಹಾಗೆ ಮೊದಲು ರ್, ಆಮೇಲೆ ಮ. ಪರಿವರ್ತಕ ಇವನ್ನು ಹಿಂದುಮುಂದು ಮಾಡಬೇಕು. ಒತ್ತಕ್ಷರವೂ ಜೊತೆಗೆ ಬಂದಲ್ಲಿ, ದೀರ್ಘ ಸೇರಿದಲ್ಲಿ ಕೆಲವೊಮ್ಮೆ ಎಡವುತ್ತದೆ. ಊರಿನ ಚರಿತ್ರೆ ಅಂದಮೇಲೆ ಮನೆತನದ ಹೆಸರು, ಹೊಲದ ಹೆಸರು, ದೇವರ ಹೆಸರು ಇರುತ್ತವೆ; ಯಾವ ನಿಘಂಟಿನಲ್ಲೂ ಸಿಗದ ಅವನ್ನು ಊರಿನವರೇ ತಿದ್ದಬೇಕು. ಅಪ್ಪನ ಓರಗೆಯವರು ಯಾರಾದರೂ ಇದ್ದರೆ ಈಗಲೇ ಓದಿಸು. ಮುಂದಕ್ಕೆ ಹಾಕಬೇಡ.

ಎಲ್ಲ ಕೂಡಿಬಂದ ಮೇಲೆ ವರ್ಚುಯಲ್‌ಬಾಕ್ಸ್‌ನ ಆ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಡು. ನಾಳೆ ಮ್ಯಾಕ್‌ಬುಕ್ ಕೈಕೊಟ್ಟರೂ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಯಾವುದೇ ಪಿಸಿಯಲ್ಲಿ, ವಿಂಡೋಸ್ ಇರಲಿ ಲಿನಕ್ಸ್ ಇರಲಿ, ವರ್ಚುಯಲ್‌ಬಾಕ್ಸ್ ಹಾಕಿ ಅದನ್ನು ಎಬ್ಬಿಸಬಹುದು: ಎಕ್ಸ್‌ಪಿ, ಪೇಜ್‌ಮೇಕರ್, ನುಡಿ, ಅಪ್ಪನ ಪುಸ್ತಕ, ಎಲ್ಲ ಒಟ್ಟಿಗೆ.

ಯೂನಿಕೋಡ್ ಪ್ರತಿ ಸಿದ್ಧವಾದ ಕೂಡಲೇ ನನಗೂ ಕಳಿಸು. ಮೊದಲ ಕರಡನ್ನು ನಾನೂ ತಿದ್ದಿಕೊಡುತ್ತೇನೆ. ನಿಮ್ಮೂರಿನ ಕೆರೆಯ ಅಧ್ಯಾಯದಿಂದಲೇ ಶುರು ಮಾಡೋಣ.

ಇಂತಿ ನಿನ್ನ
ಗೆಳತಿ