ಮೆಹದಿಪಟ್ಟಣಂನ 132

2022ರ ಜುಲೈ 18ರಂದು ರಾಷ್ಟ್ರಪತಿ ಚುನಾವಣೆ ನಡೆಯಿತು. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಯಾವ ಮತದಾರರ ಬೆರಳಿಗೂ ಶಾಯಿ ಹತ್ತಲಿಲ್ಲ. ಓಟಿನ ಹಕ್ಕಿದ್ದದ್ದು ಚುನಾಯಿತ ಸಂಸದರಿಗೆ ಮತ್ತು ಶಾಸಕರಿಗೆ ಮಾತ್ರ. ಅದೇ ಎಲೆಕ್ಟೋರಲ್ ಕಾಲೇಜು.

ಕಲಬುರಗಿ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಮನೆಯೊಂದರ ಹಿರಿಯಾಕೆ ಟಿವಿ ನೋಡುತ್ತಾ ಮಗನನ್ನು ಕೇಳಿದರು: “ಅಷ್ಟು ದೊಡ್ಡ ಕುರ್ಚಿಗಿ ನಮ್ಮನ್ನ ಯಾಕ ಕೇಳಲಿಲ್ಲೋ ತಮ್ಮಾ?”

ಇದೇ ಪ್ರಶ್ನೆ ಸಂವಿಧಾನ ಸಭೆಯಲ್ಲೂ ಎದ್ದಿತ್ತು. ನೆಹರೂ ಕೊಟ್ಟ ಕಾರಣ ಸರಳ. ನಿಜವಾದ ಅಧಿಕಾರ ಇರುವುದು ಮಂತ್ರಿಮಂಡಲದ ಕೈಯಲ್ಲಿ. ಇಡೀ ದೇಶ ನೇರವಾಗಿ ಆರಿಸಿದ ರಾಷ್ಟ್ರಪತಿಗೆ ಅಧಿಕಾರವನ್ನೇ ಕೊಡದಿದ್ದರೆ ಅದು ಅಸಂಗತ. ಕೊಟ್ಟರೆ ಪ್ರಧಾನಿಗೆ ಎದುರಾಳಿ ಹುಟ್ಟುತ್ತಾರೆ. ಸಂಸತ್ತಿಗಷ್ಟೇ ಬಿಟ್ಟರೆ ಬಹುಮತದ ಪಕ್ಷದವರೇ ಗೆಲ್ಲುತ್ತಾರೆ. ಆದ್ದರಿಂದ ರಾಜ್ಯಗಳನ್ನೂ ಸೇರಿಸಿಕೊಂಡರು. 2022ರಲ್ಲಿ ಸಂಸದರ ಒಟ್ಟು ಮತಮೌಲ್ಯ 5,43,200, ಶಾಸಕರದು 5,43,231. ತಕ್ಕಡಿಯ ಎರಡು ತಟ್ಟೆಯೂ ಸಮ.

ಶಾಸಕರ ಓಟಿನ ತೂಕ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ತೆಲಂಗಾಣಕ್ಕೆ 132, ಕರ್ನಾಟಕಕ್ಕೆ 131, ಉತ್ತರ ಪ್ರದೇಶಕ್ಕೆ 208, ಸಿಕ್ಕಿಂಗೆ 7. ಲೆಕ್ಕಕ್ಕೆ ಹಿಡಿಯುವ ಜನಸಂಖ್ಯೆ ಇಂದಿನದಲ್ಲ, 1971ರ ಜನಗಣತಿಯದು.

ಮಗ ಇದನ್ನು ಹೇಳಿದಾಗ ಆಕೆ ನಕ್ಕರು: “ಹಂಗಂದ್ರ ನಾ ಇನ್ನೂ ಊರಾಗೇ ಇದ್ದೀನಿ!”

ಮಾತು ನಿಜವೇ. 1971ರಲ್ಲಿ ಆಕೆ ಇದ್ದದ್ದು ತೌರಿನಲ್ಲಿ; ರಾಜ್ಯದ ಹೆಸರು ಆಗಿನ್ನೂ ಮೈಸೂರು. ಆಕೆ ಕರ್ನಾಟಕದ 131ರಲ್ಲಿ ಸೇರಿದ್ದಾರೆ, ತಾವು ಓಟು ಹಾಕುವ ತೆಲಂಗಾಣದ 132ರಲ್ಲಿ ಇಲ್ಲ. ಮೆಹದಿಪಟ್ಟಣಂನಲ್ಲೇ ಹುಟ್ಟಿದ ಮೊಮ್ಮಕ್ಕಳು ಯಾವ ಸಂಖ್ಯೆಯಲ್ಲೂ ಇಲ್ಲ. 2014ರಲ್ಲಿ ಆಂಧ್ರ ಪ್ರದೇಶ ಇಬ್ಭಾಗವಾದಾಗ ಹಳೆಯ 148 ಹೋಗಿ ತೆಲಂಗಾಣಕ್ಕೆ 132, ಆಂಧ್ರಕ್ಕೆ 159 ಬಂತು. ಗಡಿ ಸರಿದರೆ ಅಂಕಿ ಬದಲಾಗುತ್ತದೆ, ಜನ ಊರು ಬಿಟ್ಟು ಬಂದರೆ ಬದಲಾಗುವುದಿಲ್ಲ.

ಹೀಗೆ ಅಂಕಿಯನ್ನು ಹಿಡಿದು ನಿಲ್ಲಿಸಿದ್ದಕ್ಕೂ ಕಾರಣವಿದೆ. ಕುಟುಂಬ ಯೋಜನೆಯನ್ನು ಚೆನ್ನಾಗಿ ನಡೆಸಿದ ರಾಜ್ಯಗಳಿಗೆ ಅದೇ ನಷ್ಟವಾಗಬಾರದೆಂದು 1976ರಲ್ಲಿ 42ನೇ ತಿದ್ದುಪಡಿ ಈ ತಡೆ ಹಾಕಿತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಆ ಗಣತಿಯ ಅಂಕಿ ಬಂದು ಇದೇ ಸೂತ್ರ ಉಳಿದರೆ ಮೊಮ್ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಆದರೆ ಉತ್ತರದ ದೊಡ್ಡ ರಾಜ್ಯಗಳ ಜನಸಂಖ್ಯೆ ಇನ್ನೂ ವೇಗವಾಗಿ ಬೆಳೆದಿರುವುದರಿಂದ, ಒಟ್ಟು ತೂಕದಲ್ಲಿ ತೆಲಂಗಾಣದ ಪಾಲೂ ಕರ್ನಾಟಕದ ಪಾಲೂ ಇಳಿಯಬಹುದು. ಎಣಿಕೆಯಲ್ಲಿ ಸೇರುವ ನ್ಯಾಯವನ್ನೂ ರಾಜ್ಯಗಳ ಸಮತೋಲವನ್ನೂ ಒಟ್ಟಿಗೆ ಉಳಿಸುವ ಸೂತ್ರವನ್ನು ಸಂಸತ್ತು ಇನ್ನೂ ಹುಡುಕಬೇಕಿದೆ.