ದೋಣಿ ಹತ್ತುವ ಮುನ್ನ: ಮುಖರ್ಜಿ ನಗರದಿಂದ ಕಾರವಾರಕ್ಕೆ



ಮುಖರ್ಜಿ ನಗರದಲ್ಲಿ ಬೆಳೆದ ನಿಮಗೆ ಭೂಪಟ ಹೊಸದೇನಲ್ಲ. ಬತ್ರಾ ಸುತ್ತಮುತ್ತಲಿನ ಪುಸ್ತಕದಂಗಡಿಗಳಲ್ಲಿ ಅದು ರಾಶಿ ರಾಶಿಯಾಗಿ ಬಿದ್ದಿರುತ್ತದೆ. ಕಾರವಾರ ಎಲ್ಲಿದೆ ಎಂದು ಕೇಳಿದರೆ ಥಟ್ಟನೆ ಬೆರಳಿಟ್ಟು ತೋರಿಸುತ್ತೀರಿ. ಆದರೆ ಕಾಳಿ ನದಿ ಸಮುದ್ರ ಸೇರುವ ಆ ಜಾಗದಲ್ಲಿ ದೋಣಿಯೊಳಗೆ ಕುಳಿತು, ಗಾಳ ಇಳಿಬಿಟ್ಟು, ಡಾಲ್ಫಿನ್ ಮೇಲೇಳುವುದನ್ನು ಕಾದವರು ನಿಮ್ಮಲ್ಲಿ ಎಷ್ಟು ಮಂದಿ? ಈ ಚಳಿಗಾಲದಲ್ಲಿ ಊರಿಗೆ ಹೋಗುವವರು ಒಂದು ಬೆಳಗನ್ನು ಕಡಲಿಗೆ ಮೀಸಲಿಡಿ. ಹೇಗೆ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾಲದ ವಿಚಾರ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನು ಮರಿ ಮಾಡುವ ಕಾಲ, ಮುಂಗಾರಿನ ಕಡಲೂ ಒರಟು. ಶ್ರಾವಣದ ನೂಲ ಹುಣ್ಣಿಮೆಯ ದಿನ ಮೀನುಗಾರರು ಸಮುದ್ರಪೂಜೆ ಮಾಡಿ, ತೆಂಗಿನಕಾಯಿ ಅರ್ಪಿಸಿ, ಹೊಸ ಋತುವಿಗೆ ಕಡಲಮ್ಮನ ಅಪ್ಪಣೆ ಬೇಡುತ್ತಾರೆ. ನೀವು ದೆಹಲಿಯಲ್ಲಿ ರಾಖಿ ಕಟ್ಟಿಸಿಕೊಳ್ಳುವುದೂ ಅದೇ ಹುಣ್ಣಿಮೆಯಂದು! ನಮ್ಮಂಥ ಹೊಸಬರಿಗೆ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು.

1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾದ ಮೇಲೆ ದೆಹಲಿಯಿಂದ ಕಾರವಾರ ಹತ್ತಿರವಾಗಿದೆ. ಹಜರತ್ ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲಿಗೇ. ಆದರೆ ಡಿಸೆಂಬರ್-ಜನವರಿಯ ಮಂಜಿನಲ್ಲಿ ಉತ್ತರದ ರೈಲುಗಳು ಎಷ್ಟು ಹೊತ್ತು ತಡವಾಗುತ್ತವೆಂದು ನಿಮಗೆ ಹೇಳಬೇಕಾಗಿಲ್ಲ. ತಲುಪಿದ ಮರುದಿನವೇ ದೋಣಿ ಗೊತ್ತುಮಾಡಬೇಡಿ. ನಡುವೆ ಒಂದು ದಿನ ಬಿಡುವಿರಲಿ.

ಅಭ್ಯಾಸ ಮಾತ್ರ ಇಲ್ಲಿಂದಲೇ ಶುರುವಾಗಬೇಕು. ಜಿ.ಟಿ.ಬಿ. ನಗರದಿಂದ ಮೆಟ್ರೋದಲ್ಲಿ ನಾಲ್ಕನೆಯ ನಿಲ್ದಾಣ ಕಶ್ಮೀರಿ ಗೇಟ್. ಅಲ್ಲಿಂದ ಯಮುನಾ ಘಾಟ್ ದೂರವಿಲ್ಲ. ಚಳಿಗಾಲದ ಮುಂಜಾನೆ ಅಲ್ಲಿ ಸಾವಿರಾರು ಕಡಲಕ್ಕಿಗಳು ನೀರಿನ ಮೇಲೆ ಹಾರುತ್ತಿರುತ್ತವೆ. ದೂರದ ಉತ್ತರದಿಂದ ವಲಸೆ ಬರುವ ಇವುಗಳ ಬಳಗವೇ ಕಾರವಾರದ ತೀರಕ್ಕೂ ಬರುತ್ತದೆ. ಒಂದು ಭಾನುವಾರ ಅಲ್ಲಿ ದೋಣಿಯಲ್ಲಿ ಕುಳಿತು, ಅಲುಗಾಡುವ ಹಲಗೆಯ ಮೇಲಿಂದ ಹಾರುವ ಹಕ್ಕಿಯನ್ನು ದುರ್ಬೀನಿನಲ್ಲಿ ಹಿಡಿಯಲು ಕಲಿಯಿರಿ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಸಾಕು. ಅದಕ್ಕಿಂತ ಹೆಚ್ಚಾದರೆ ದೋಣಿಯ ಕುಲುಕಾಟವೂ ಹಿಗ್ಗಿ ಏನೂ ಕಾಣದು. ಹಕ್ಕಿಗಳಿಗೆ ಸೇವು, ಖಾರದ ತಿಂಡಿ ಎರಚುವವರ ಜೊತೆ ಮಾತ್ರ ಸೇರಬೇಡಿ. ಅದು ಅವುಗಳ ಆಹಾರವಲ್ಲ. ಈಜು ಬಾರದವರು ಬೇಸಿಗೆಯಲ್ಲಿ ಈಜುಕೊಳಗಳು ತೆರೆದಿರುವಾಗಲೇ ಕಲಿತುಕೊಳ್ಳಿ.

ಇನ್ನು ಕಾರವಾರ. ಕಾಳಿ ನದಿಯ ಅಳಿವೆ, ಅದರಾಚೆ ದೇವಬಾಗ, ಕಡಲ ನಡುವೆ ಕೂರ್ಮಗಡ, ದೇವಗಡದ ದೀಪಸ್ತಂಭ. 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ಈ ತೀರಕ್ಕೆ ಮನಸೋತಿದ್ದರು. ಇಂದಿಗೂ ಕಡಲತೀರಕ್ಕೆ ಅವರ ಹೆಸರೇ ಇದೆ. ನದಿ ತರುವ ಪೋಷಕಾಂಶದಿಂದಾಗಿ ಅಳಿವೆಯಲ್ಲಿ ಮೀನು ಹೆಚ್ಚು. ಮೀನನ್ನು ಹುಡುಕಿಕೊಂಡು ಬೆನ್ನ ಮೇಲೆ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ದಡದ ಹತ್ತಿರವೇ ಬರುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದೂ ಕಾಣಬಹುದು. ಒಂದೇ ಕಡೆ ಹಕ್ಕಿಗಳು ಗುಂಪಾಗಿ ನೀರಿಗೆ ಧುಮುಕುತ್ತಿದ್ದರೆ ಕೆಳಗೆ ಮೀನಿನ ಹಿಂಡಿದೆ ಎಂದರ್ಥ. ಆಗ ಅತ್ತಲೇ ಕಣ್ಣಿಡಿ.

ಡಾಲ್ಫಿನ್ ಕಂಡೊಡನೆ "ಬೆನ್ನಟ್ಟಿ" ಎಂದು ದೋಣಿಯವರನ್ನು ಒತ್ತಾಯಿಸಬೇಡಿ. ಇಂಜಿನ್ ನಿಧಾನಿಸಿ, ದೂರ ನಿಂತು ಕಾದರೆ ಅವು ತಾವಾಗಿ ಹತ್ತಿರ ಬರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್‌ಗಳಿಗೂ ಕಡಲಾಮೆಗಳಿಗೂ ಹುಲಿಗಿರುವಷ್ಟೇ ರಕ್ಷಣೆಯಿದೆ. ಅಲ್ಲಿ ನೌಕಾನೆಲೆಯೂ ಇರುವುದರಿಂದ ಎಲ್ಲಿ ಕ್ಯಾಮೆರಾ ತೆಗೆಯಬಾರದೆಂದು ಮೊದಲೇ ಕೇಳಿಕೊಳ್ಳಿ.

ಗಾಳ ಹಾಕುವವರಿಗೆ ಎರಡು ಮಾತು. ಅಂಗೈಗಿಂತ ಚಿಕ್ಕ ಮೀನು ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ನೀರಿಗೆ ಬಿಡಿ. ಗುರುತಿಲ್ಲದ ಮೀನನ್ನು ಮುಟ್ಟುವ ಮುನ್ನ ದೋಣಿಯವರನ್ನು ಕೇಳಿ. ಕೆಲವಕ್ಕೆ ವಿಷದ ಮುಳ್ಳಿರುತ್ತದೆ. ತುಂಡಾದ ನೈಲಾನ್ ದಾರವನ್ನು ಕಡಲಿಗೆಸೆಯಬೇಡಿ. ಆಮೆಗಳ ಕೊರಳಿಗೆ ಅದೇ ಉರುಳು. ಸಸ್ಯಾಹಾರಿ ಮನೆಯವರು ಗಾಳ ಮುಟ್ಟಲೇಬೇಕೆಂದಿಲ್ಲ. ಬಂಗುಡೆ ಯಾವುದು, ಇಸವಾಣ ಯಾವುದು ಎಂದು ಗುರುತಿಸಲು ಕಲಿತರೂ ಕಲಿತಂತೆಯೇ.

ಹೊರಡುವುದು ಮುಂಜಾನೆಯೇ ಇರಲಿ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಬಲಿತು ಅಲೆ ಏಳುತ್ತದೆ. ಉಬ್ಬರ-ಇಳಿತ ದಿನಕ್ಕೆ ಎರಡೆರಡು ಬಾರಿ ಬರುತ್ತವೆ. ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅವುಗಳ ಸೆಳೆತ ಹೆಚ್ಚು. ಇಳಿತದ ನೀರು ಎದುರಿನ ಅಲೆಗೆ ಡಿಕ್ಕಿ ಹೊಡೆಯುವ ಅಳಿವೆಯ ಬಾಯಿ ಎಲ್ಲಕ್ಕಿಂತ ಅಪಾಯದ ಜಾಗ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಮುನ್ಸೂಚನೆ ಕೊಡುತ್ತದೆ. ಹಿಂದಿನ ಸಂಜೆ ಅದನ್ನು ನೋಡಿಕೊಳ್ಳಿ. ದೋಣಿಯವರು "ಇವತ್ತು ಬೇಡ" ಎಂದರೆ ವಾದಿಸಬೇಡಿ. ದುಡ್ಡು ಕೊಟ್ಟಿದ್ದೇವೆಂಬ ಮಾತನ್ನು ಕಡಲು ಕೇಳುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಆದ್ದರಿಂದ ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಜನ ಹೆಚ್ಚಾಗಿದ್ದರೆ ಇಳಿದುಬಿಡಿ, ಯಾರು ನಕ್ಕರೂ ಸರಿ. ಜಾಕೆಟ್ಟನ್ನು ಸೊಂಟದ ಪಟ್ಟಿಯವರೆಗೆ ಬಿಗಿದು ತೊಟ್ಟುಕೊಳ್ಳಿ, ಪಕ್ಕದಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಡಾಲ್ಫಿನ್ ಕಂಡಾಗ ಎಲ್ಲರೂ ಒಂದೇ ಬದಿಗೆ ಓಡಬೇಡಿ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554 ನೆನಪಿನಲ್ಲಿರಲಿ.

ಚೀಲದಲ್ಲಿ ಟೋಪಿ, ನೀರು, ತೆಳುವಾದ ಪೂರ್ತಿ ತೋಳಿನ ಅಂಗಿ, ಫೋನಿಗೆ ನೀರು ಹೋಗದ ಚೀಲ ಇರಲಿ. ದೆಹಲಿಯ ಜನವರಿಯ ಸ್ವೆಟರು ಅಲ್ಲಿ ಬೇಕಾಗದು. ಹೊಟ್ಟೆ ತುಂಬ ಪರಾಠ ತಿಂದು ದೋಣಿ ಹತ್ತಬೇಡಿ, ಖಾಲಿ ಹೊಟ್ಟೆಯೂ ಬೇಡ. ಸ್ವಲ್ಪ ಅವಲಕ್ಕಿ, ಒಂದು ಬಾಳೆಹಣ್ಣು ಸಾಕು. ವಾಕರಿಕೆ ಬರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳಿ. ದೋಣಿಯ ನಡುವೆ ಕುಳಿತು, ಫೋನು ಬಿಟ್ಟು, ದೂರದ ದಿಗಂತವನ್ನು ನೋಡಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ: ಮಾತು. ನಿಮ್ಮಲ್ಲಿ ಹಲವರಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಹಿಂದಿ. ದೋಣಿಯಲ್ಲಿ ಅಲೆ ಎದ್ದಾಗ ತಾಂಡೇಲರು ನಿಮಗಾಗಿ ಅನುವಾದ ಮಾಡುತ್ತಾ ನಿಲ್ಲುವುದಿಲ್ಲ. "ಕೂತ್ಕೊಳ್ಳಿ", "ಗಟ್ಟಿ ಹಿಡ್ಕೊಳ್ಳಿ", "ತಲೆ ಬಗ್ಗಿಸಿ", "ಆ ಕಡೆ ಹೋಗಬೇಡಿ" ಎಂಬ ಕೂಗು ಕಿವಿಗೆ ಬಿದ್ದ ಕ್ಷಣವೇ ಮೈಗೆ ಇಳಿಯಬೇಕು. ಮನೆಯಲ್ಲಿ ಅಮ್ಮ, ಅಜ್ಜಿಯ ಜೊತೆ ಈಗಿನಿಂದಲೇ ಕನ್ನಡದಲ್ಲಿ ಉತ್ತರಿಸಲು ತೊಡಗಿ. ಉಬ್ಬರ, ಇಳಿತ, ಅಳಿವೆ, ಲಂಗರು, ಹುಟ್ಟು, ಬೀಸುಬಲೆ, ರಂಪಣಿ ಎಂಬ ಮಾತುಗಳನ್ನು ಕೇಳಿ ತಿಳಿದುಕೊಳ್ಳಿ. ಮೀನುಗಾರರು ತಮ್ಮೊಳಗೆ ಕೊಂಕಣಿ ಮಾತನಾಡಿಕೊಂಡರೆ ಅದರ ನಾಲ್ಕು ಮಾತನ್ನೂ ಕಲಿಯಿರಿ. ಗಾಳಿ ಯಾವ ದಿಕ್ಕಿನದು, ಮೀನು ಈಗ ಯಾಕೆ ಕಡಿಮೆ, ಅವರ ಮಕ್ಕಳು ಕಡಲಿಗೆ ಇಳಿಯುತ್ತಾರೆಯೇ ಎಂದು ಕೇಳಿ. ಇಂಥ ಪ್ರಶ್ನೆಗೆ ಅವರು ಕೊಡುವ ಉತ್ತರ ಮುಖರ್ಜಿ ನಗರದ ಯಾವ ನೋಟ್ಸಿನಲ್ಲೂ ಸಿಗದು.

ಮರಳಿ ಬಂದ ಮೇಲೆ ಕಂಡದ್ದನ್ನು ಒಂದು ಪುಟದಷ್ಟಾದರೂ ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕಳುಹಿಸಿ. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳೋಣ. ನಿಮ್ಮ ಪಯಣ ಸುಖಕರವಾಗಲಿ.