ಕೊಳ್ಳುವವನ ಕೆಲಸ

ಡಾಕ್ಟರಾಗುತ್ತೇನೆ, ಎಂಜಿನಿಯರಾಗುತ್ತೇನೆ ಎನ್ನುವ ಮಕ್ಕಳು ಮನೆಮನೆಯಲ್ಲಿಯೂ ಇದ್ದಾರೆ. ಸರ್ಕಾರದ ಪರವಾಗಿ ಸಾಮಾನು ಕೊಳ್ಳುವ ಅಧಿಕಾರಿಯಾಗುತ್ತೇನೆ ಎಂದವನನ್ನು ನಾನು ಕಂಡದ್ದು ಒಬ್ಬನನ್ನೇ. ಅವನು ನನ್ನ ಸೋದರಳಿಯ. ಅವನ ತಾಯಿಗೆ ಇದು ಹಿಡಿಸಲಿಲ್ಲ. “ಅಣ್ಣಾ, ಆ ಕುರ್ಚಿಯಲ್ಲಿ ಕುಳಿತವರಿಗೆ ಬರುವುದು ಕೆಟ್ಟ ಹೆಸರೊಂದೇ. ನೀನಾದರೂ ಬುದ್ಧಿ ಹೇಳು” ಎಂದಳು. ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಕುಳಿತೆದ್ದ ನಾನು ಬುದ್ಧಿ ಹೇಳಬೇಕಾದುದು ಯಾರಿಗೆ?

ಖರೀದಿಯೆಂದರೆ ರುಜು ಹಾಕುವುದು ಎಂದು ಜನ ತಿಳಿದಿದ್ದಾರೆ. ನಿಜವಾದ ಕೆಲಸ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಶಾಲೆಗೆ ಬೆಂಚುಗಳು ಬೇಕು ಎನ್ನೋಣ. ‘ಮರದ ಬೆಂಚು, ನೂರು’ ಎಂದಷ್ಟೇ ಬರೆದು ಟೆಂಡರು ಕರೆದರೆ, ಎಲ್ಲರಿಗಿಂತ ಕಡಿಮೆ ದರ ಬರೆದವನು ಹಸಿಮರದ ಬೆಂಚುಗಳನ್ನು ತಂದು ಹಾಕುತ್ತಾನೆ. ವರ್ಷ ತುಂಬುವುದರೊಳಗೆ ಅವು ಸೊಟ್ಟಗಾಗುತ್ತವೆ. ಅವನನ್ನು ಬೈಯುವಂತಿಲ್ಲ, ಕೇಳಿದ್ದನ್ನೇ ಕೊಟ್ಟಿದ್ದಾನೆ. ಯಾವ ಮರ, ಹಲಗೆಯ ದಪ್ಪವೆಷ್ಟು, ಒಂದನೆಯ ತರಗತಿಯ ಮಗುವಿನ ಕಾಲು ನೆಲಕ್ಕೆ ತಾಕಬೇಕಾದರೆ ಎತ್ತರವೆಷ್ಟು, ಇವನ್ನೆಲ್ಲ ಮೊದಲೇ ಬರೆಯಬೇಕು. ಹಾಗೆಂದು ಒಬ್ಬನೇ ವ್ಯಾಪಾರಿಯ ಮೈಗೆ ಹೊಲಿದ ಅಂಗಿಯಂತೆಯೂ ಬರೆಯಬಾರದು. ಉಳಿದವರಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಈ ನಡುದಾರಿಯನ್ನು ಹಿಡಿಯುವುದೇ ನಮ್ಮ ವಿದ್ಯೆ.

ಅರಗಿನ ಮುದ್ರೆಯ ಲಕೋಟೆಗಳನ್ನು ಒಡೆಯುತ್ತಿದ್ದ ಕಾಲ ಹೋಯಿತು. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ ಇರಬೇಕೆಂದು ಕರ್ನಾಟಕ 1999ರಲ್ಲಿಯೇ ಕಾಯಿದೆ ಮಾಡಿತು. 2016ರಲ್ಲಿ ಕೇಂದ್ರ ಸರ್ಕಾರ ‘ಜೆಮ್’ ಎಂಬ ಅಂತರ್ಜಾಲ ಮಾರುಕಟ್ಟೆಯನ್ನು ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಯಂತ್ರ ದರಗಳನ್ನು ಸಾಲಾಗಿ ಜೋಡಿಸಿಕೊಡುತ್ತದೆಯೇ ಹೊರತು, ಮಗುವಿನ ಕಾಲು ನೆಲಕ್ಕೆ ತಾಕೀತೆ ಎಂದು ತಾನಾಗಿ ಕೇಳುವುದಿಲ್ಲ.

ತಂಗಿಯ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ದೀಪಾವಳಿಗೆ ಮಿಠಾಯಿಯ ಪೆಟ್ಟಿಗೆಗಳು ಬರುತ್ತಿದ್ದವು. ನನ್ನಾಕೆ ಅವನ್ನು ಹೊಸಿಲು ದಾಟಗೊಡುತ್ತಿರಲಿಲ್ಲ. ಅದರಿಂದ ನಮಗೆ ಸೊಕ್ಕಿನವರೆಂಬ ಬಿರುದು ಬಂತು. ಶಿಫಾರಸು ನಡೆಸಿಕೊಡಲಿಲ್ಲವೆಂದು ಮದುವೆಮನೆಯಲ್ಲಿ ಮುಖ ತಿರುಗಿಸಿದ ಬಂಧುಗಳೂ ಉಂಟು. ಅಳಿಯನಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ಇನ್ನೊಂದು ಮಾತನ್ನೂ ಸೇರಿಸಿದೆ: ಕೈ ಶುದ್ಧವಾಗಿದ್ದರಷ್ಟೇ ಸಾಲದು. ಸಣ್ಣ ಕೈಗಾರಿಕೆಯವರಿಂದ ಕೊಂಡ ಸರಕಿನ ಹಣವನ್ನು 45 ದಿನ ಮೀರಿ ತಡೆಯಬಾರದೆಂದು 2006ರ ಕಾಯಿದೆ ವಿಧಿಸಿದೆ. ಲಂಚ ಮುಟ್ಟದೆ, ಕಡತದ ಮೇಲೆ ಸುಮ್ಮನೆ ಕುಳಿತವನೂ ಒಂದು ಕಾರ್ಖಾನೆಯ ಒಲೆ ಆರಿಸಬಲ್ಲ.

ದೇಶದ ಅಭಿವೃದ್ಧಿಯೆಂದರೆ ನಮ್ಮ ಕಣ್ಣಿಗೆ ಅಣೆಕಟ್ಟು, ಆಸ್ಪತ್ರೆ, ರೈಲುದಾರಿ ಕಾಣುತ್ತವೆ. ಅವುಗಳ ಸಿಮೆಂಟನ್ನು, ಸೂಜಿಯನ್ನು, ಕಂಬಿಯನ್ನು ಯಾರೋ ಒಬ್ಬರು ಅಳೆದು, ತೂಗಿ, ಸಕಾಲದಲ್ಲಿ ಕೊಂಡಿರುತ್ತಾರೆ. ಉದ್ಘಾಟನೆಯ ಕಲ್ಲಿನಲ್ಲಿ ಅವರ ಹೆಸರಿರುವುದಿಲ್ಲ. ಬೆಂಚು ಮಾತ್ರ ಹತ್ತು ವರ್ಷ ಅಲುಗದೆ ನಿಂತಿರುತ್ತದೆ.